ಎಂಟು ತಿಂಗಳ ಕೂಸು, ಶಿಕಾಗೋ ವಿಮಾನ: ತೊಟ್ಟಿಲೋ, ತೊಡೆಯೋ, ಮೂರನೇ ಸೀಟೋ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಯಜಮಾನರು ಶಿಕಾಗೋದಲ್ಲಿದ್ದಾರೆ. ಮಗಳಿಗೆ ಈಗ ಆರು ತಿಂಗಳು. 7.4 ಕೆಜಿ ತೂಕ, 67 ಸೆಂ.ಮೀ. ಉದ್ದ ಇದ್ದಾಳೆ. ಇನ್ನು ಎರಡೂವರೆ ತಿಂಗಳಿಗೆ ಅಮ್ಮನನ್ನೂ ಕರೆದುಕೊಂಡು ಹೊರಡಬೇಕು. ಅಮ್ಮನಿಗೆ ಮಂಡಿ ನೋವು. ಸೀಟಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತೊಟ್ಟಿಲು ಸಿಗುವ ಮುಂದಿನ ಸಾಲು ತಗೋ ಅಂತ ಕೆಲವರು. ಕಿಟಕಿ ಸೀಟು, ದಾರಿ ಪಕ್ಕದ ಸೀಟು ತಗೊಂಡು ನಡುವಿನದು ಖಾಲಿ ಬಿಡು ಅಂತ ಕೆಲವರು. ಮಗುವಿಗೇ ಒಂದು ಸೀಟು ಅಂದರೆ ಸುಮಾರು ಅರವತ್ತು ಸಾವಿರ ಜಾಸ್ತಿ ಆಗುತ್ತದೆ. ಎರಡು ವರ್ಷದವರೆಗೆ ತೊಡೆ ಮೇಲೆ ಕೂರಿಸಿಕೊಳ್ಳಬಹುದಲ್ಲ, ಸುಮ್ನೆ ದುಡ್ಡು ಯಾಕೆ ಅಂತಾರೆ ಅಮ್ಮ. ಏನು ಮಾಡಲಿ?

ಉತ್ತರ: ದುಡ್ಡು ಹೊಂದಿಸಲು ಆಗುವುದಾದರೆ ಮಗುವಿಗೆ ಸೀಟು ತಗೊಳ್ಳಿ. ಅದರ ಮೇಲೆ ಕಾರ್ ಸೀಟು ಕಟ್ಟಿ ಕೂರಿಸಿ. ಆಗುವುದಿಲ್ಲ ಅಂದರೆ ತೊಟ್ಟಿಲ ಸಾಲು ಕೇಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಡುವಿನ ಸೀಟು ಖಾಲಿ ಬಿಡುವ ಉಪಾಯ ನಿಮಗಲ್ಲ.

ಹಾಸನದಲ್ಲಿ ಟಿಕೆಟ್ ಮಾಡಿಕೊಡುವ ಕೆಲಸ ಶುರು ಮಾಡಿ 21 ವರ್ಷವಾಯಿತು. ಸಕಲೇಶಪುರ, ಅರಕಲಗೂಡು, ನಿಮ್ಮ ಕಡೆಯ ಮೂಡಿಗೆರೆ, ಕಡೂರಿನಿಂದಲೂ ಜನ ಬರುತ್ತಾರೆ. ಬಾಣಂತನ ಮುಗಿಸಿ ಗಂಡನ ಹತ್ತಿರ ಹೊರಟ ಹೆಣ್ಣುಮಕ್ಕಳು ಜೊತೆಗೆ ತಾಯಿಯನ್ನು ಕರೆದುಕೊಂಡು ಹೋಗುವುದು ಎಷ್ಟೋ ಸಲ ನಡೆದಿದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಉತ್ತರ ಮಾತ್ರ ಮಗುವಿನಿಂದ ಮಗುವಿಗೆ ಬದಲಾಗುತ್ತದೆ.

ಮೊದಲು ಒಂದು ಲೆಕ್ಕ. ನೀವು ಮಗುವಿನ ಈಗಿನ ಅಳತೆ ಬರೆದಿದ್ದೀರಿ. ನೋಡಬೇಕಾದ್ದು ವಿಮಾನ ಹತ್ತುವ ದಿನದ ಅಳತೆ. ಈ ವಯಸ್ಸಿನಲ್ಲಿ ಮಕ್ಕಳು ತಿಂಗಳಿಗೆ ಒಂದು, ಒಂದೂವರೆ ಸೆಂ.ಮೀ. ಬೆಳೆಯುತ್ತಾರೆ. ಅಂದರೆ ನಿಮ್ಮ ಮಗಳು ಹೊರಡುವ ಹೊತ್ತಿಗೆ 70ರ ಆಸುಪಾಸಿನಲ್ಲಿರುತ್ತಾಳೆ. ತೂಕ ಎಂಟು ಕೆಜಿ ಚಿಲ್ಲರೆ. ವಿಮಾನದ ತೊಟ್ಟಿಲಿಗೆ ಮಿತಿ ಇದೆ. ಬಹಳ ಕಂಪನಿಗಳು 10ರಿಂದ 11 ಕೆಜಿವರೆಗೆ ಬಿಡುತ್ತವೆ. ಉದ್ದದ ಮಿತಿ ಒಂದೊಂದರಲ್ಲಿ ಒಂದೊಂದು, ಆದರೆ 70–75 ಸೆಂ.ಮೀ. ಆಸುಪಾಸಿನದೇ ಜಾಸ್ತಿ. ತಾಯಂದಿರು ತೂಕವನ್ನೇ ನೋಡಿಕೊಂಡು ‘ಇನ್ನೂ ಎರಡು ಕೆಜಿ ಇದೆಯಲ್ಲ’ ಅಂದುಕೊಳ್ಳುತ್ತಾರೆ. ಮೊದಲು ಮುಗಿಯುವುದು ಉದ್ದ. ಕಾಲು ತುದಿಗೆ ತಾಗಿದರೆ ಮಗು ಮಲಗುವುದಿಲ್ಲ. ಟಿಕೆಟ್ ಮಾಡುವ ಮುಂಚೆ ಅಂಗನವಾಡಿಗೆ ಹೋಗಿ ತೂಕ, ಉದ್ದ ಎರಡನ್ನೂ ಅಳೆಸಿ. ತಾಯಿ ಕಾರ್ಡಿನಲ್ಲಿ ಹಳೆಯ ಅಳತೆಗಳೂ ಇರುತ್ತವೆ. ತಿಂಗಳಿಗೆ ಎಷ್ಟೆಷ್ಟು ಬೆಳೆದಿದ್ದಾಳೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಎಂಟೂವರೆ ತಿಂಗಳಿಗೆ ಕೂಸು ಎದ್ದು ಕೂರುತ್ತದೆ, ಹಿಡಿದುಕೊಂಡು ನಿಲ್ಲಲು ನೋಡುತ್ತದೆ. ಆ ತೊಟ್ಟಿಲು ಮಲಗುವ ಮಗುವಿಗೆ ಮಾಡಿದ್ದು. ಎದ್ದು ಬಗ್ಗುವ ಮಗುವನ್ನು ಅದರಲ್ಲಿ ಬಿಡಲು ಗಗನಸಖಿಯರು ಒಪ್ಪುವುದಿಲ್ಲ. ಒಪ್ಪಲೂ ಬಾರದು.

ತೊಟ್ಟಿಲು ಅಂದ ಕೂಡಲೇ ನಮ್ಮ ಮನೆಯ ತೊಲೆಗೆ ಕಟ್ಟಿದ ತೊಟ್ಟಿಲು ಕಣ್ಣಿಗೆ ಬರುತ್ತದೆ. ಇದು ಹಾಗಲ್ಲ, ತೂಗುವುದಿಲ್ಲ. ಕ್ಯಾಬಿನ್ ಶುರುವಾಗುವಲ್ಲಿ ಎದುರಿಗೆ ಗೋಡೆ ಇರುತ್ತದೆ. ಆ ಗೋಡೆಗೆ ಸಿಕ್ಕಿಸುವ ಪುಟ್ಟ ಹಾಸಿಗೆ ಅಷ್ಟೇ. ವಿಮಾನ ಏರುವಾಗ, ಇಳಿಯುವಾಗ ಅದನ್ನು ಹಾಕುವುದೇ ಇಲ್ಲ. ಆಗ ಮಗು ನಿಮ್ಮ ತೊಡೆ ಮೇಲೆ. ಮೇಲೆ ಹೋದ ಮೇಲೂ ವಿಮಾನ ಕುಲುಕಲು ಶುರುವಾಗಿ ಸೀಟ್ ಬೆಲ್ಟ್ ಲೈಟ್ ಹತ್ತಿದರೆ, ಹಲವು ಕಂಪನಿಗಳಲ್ಲಿ ಮಗುವನ್ನು ಎತ್ತಿ ತೊಡೆಗೆ ಹಾಕಿಕೊಳ್ಳಲೇಬೇಕು.

ಇದರ ಕಷ್ಟ ನನಗೆ ಚೆನ್ನಾಗಿ ಅರ್ಥವಾದದ್ದು ನಾನೇ ಹೋದಾಗ. ಕೆಲವು ವರ್ಷದ ಹಿಂದೆ ಮಗಳ ಜೊತೆ ಏಳು ತಿಂಗಳ ಮೊಮ್ಮಗನನ್ನು ಕರೆದುಕೊಂಡು ಹೊರಟಿದ್ದೆವು. ತೊಟ್ಟಿಲ ಸಾಲೇ ಸಿಕ್ಕಿತ್ತು. ಹಾಲು ಕುಡಿಸಿ, ತಟ್ಟಿ, ಅರ್ಧ ಗಂಟೆ ಕಷ್ಟಪಟ್ಟು ಮಲಗಿಸುವುದು, ಟಿಂಗ್ ಅಂತ ಲೈಟ್ ಹತ್ತುವುದು. ಎತ್ತಿಕೊಂಡರೆ ಎಚ್ಚರ. ರಾತ್ರಿಯಿಡೀ ನಾಲ್ಕು ಸಲ ಹೀಗಾಯಿತು. ಇಳಿಯುವಾಗ ಮಗಳ ಕಣ್ಣು ಕೆಂಪಾಗಿತ್ತು, ಮಾತಾಡುವ ಶಕ್ತಿಯೂ ಇರಲಿಲ್ಲ. ಅಲ್ಲಿಯವರೆಗೆ ನಾನು ಎಲ್ಲರಿಗೂ ‘ತೊಟ್ಟಿಲು ಸಿಕ್ಕಿತಲ್ಲ, ಇನ್ನೇನು ಚಿಂತೆ’ ಅಂತಿದ್ದೆ. ಆಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಮೂರು ನಾಲ್ಕು ತಿಂಗಳ ಮಗುವಿಗೆ ಅದು ಒಳ್ಳೆಯದೇ. ಎಂಟು ದಾಟಿದ ಮಗುವಿಗೆ ಸಿಕ್ಕರೂ ಪೂರ್ತಿ ಉಪಯೋಗ ಆಗುವುದಿಲ್ಲ.

ಈಗ ನಿಮ್ಮ ಅಮ್ಮನ ಮಾತಿಗೆ ಬರೋಣ. ಅವರು ಹೇಳುವುದು ಕಾನೂನಿನ ಪ್ರಕಾರ ಸರಿ. ಎರಡು ವರ್ಷ ತುಂಬುವವರೆಗೆ ಮಗು ತೊಡೆ ಮೇಲೆ ಹೋಗಬಹುದು. ಬೇರೆ ದೇಶಕ್ಕೆ ಹೋಗುವಾಗ ಸಾಮಾನ್ಯವಾಗಿ ದೊಡ್ಡವರ ದರದಲ್ಲಿ ನೂರಕ್ಕೆ ಹತ್ತರಷ್ಟು, ಮೇಲೆ ತೆರಿಗೆ, ಅಷ್ಟು ಕೊಟ್ಟರೆ ಮುಗಿಯಿತು. ಯುರೋಪಿನ ಮತ್ತು ಕೊಲ್ಲಿಯ ಕಂಪನಿಗಳ ವಿಮಾನದಲ್ಲಿ ನಿಮ್ಮ ಬೆಲ್ಟಿಗೆ ಸಿಕ್ಕಿಸುವ ಪುಟ್ಟ ಬೆಲ್ಟ್ ಕೊಡುತ್ತಾರೆ, ಅದನ್ನು ಮಗುವಿಗೆ ಹಾಕಬೇಕು. ಅಮೆರಿಕದ ಕಂಪನಿಗಳಲ್ಲಿ ಆ ಬೆಲ್ಟಿಗೆ ಅನುಮತಿಯೇ ಇಲ್ಲ. ಜೋರಾಗಿ ಅಪ್ಪಳಿಸಿದರೆ ದೊಡ್ಡವರ ಮೈ ಮುಂದಕ್ಕೆ ಬಾಗಿ ಮಗು ಅದರಡಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅವರ ಭಯ. ಹಾಗಾಗಿ ಅಲ್ಲಿ ಮಗುವನ್ನು ಹಿಡಿದಿರುವುದು ನಿಮ್ಮ ಎರಡು ಕೈ ಮಾತ್ರ.

1989ರ ಜುಲೈ 19ರಂದು ಯುನೈಟೆಡ್ ಕಂಪನಿಯ 232ನೇ ವಿಮಾನ ಅಮೆರಿಕದ ಸೂ ಸಿಟಿಯಲ್ಲಿ ತುರ್ತಾಗಿ ಇಳಿಯಲು ಹೋಗಿ ಒಡೆದು ಉರುಳಿತು. ತೊಡೆ ಮೇಲಿನ ಮಕ್ಕಳು ನಾಲ್ಕು ಜನ ಇದ್ದರು. ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಅಂತ ಹೇಳುವುದು ಆಗಿನ ಪದ್ಧತಿ, ಹಾಗೆಯೇ ಹೇಳಿದರು. ನಾಲ್ವರಲ್ಲಿ ಒಂದು ಮಗು ಉಳಿಯಲಿಲ್ಲ. ಆ ದಿನ ಮುಖ್ಯ ಗಗನಸಖಿಯಾಗಿದ್ದ ಜಾನ್ ಬ್ರೌನ್ ಆಮೇಲೆ ವರ್ಷಾನುಗಟ್ಟಲೆ ಒಂದೇ ಮಾತು ಹೇಳುತ್ತಾ ಬಂದರು: ಪ್ರತಿ ಮಗುವಿಗೂ ಅದರದ್ದೇ ಸೀಟು, ಅದರದ್ದೇ ಬೆಲ್ಟು ಬೇಕು.

ನಿಮ್ಮನ್ನು ಹೆದರಿಸಲು ಇದನ್ನು ಹೇಳಲಿಲ್ಲ. ವಿಮಾನ ಬೀಳುವುದು ಬಹಳ ಅಪರೂಪ. ಅಪರೂಪವಲ್ಲದ್ದು ಕುಲುಕಾಟ. ಅದು ಕೆಲವೊಮ್ಮೆ ಹೇಳದೆ ಕೇಳದೆ ಬರುತ್ತದೆ. ನಡುರಾತ್ರಿ ತೂಕಡಿಸುತ್ತಿರುವ ತಾಯಿಯ ಕೈ ಎಷ್ಟು ಬಿಗಿಯಾಗಿರಲು ಸಾಧ್ಯ?

ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಮಗುವನ್ನು ಅದರದ್ದೇ ಸೀಟಿನಲ್ಲಿ ಕಟ್ಟಿ ಕೂರಿಸಿ ಅಂತ ಜೋರಾಗಿಯೇ ಹೇಳುತ್ತದೆ. ಆದರೆ ಕಡ್ಡಾಯ ಮಾಡಿಲ್ಲ. ಯಾಕೆ ಗೊತ್ತಾ? ಕಡ್ಡಾಯ ಮಾಡಿದರೆ ಖರ್ಚಿಗೆ ಹೆದರಿ ಜನ ಕಾರಿನಲ್ಲಿ ಹೋಗುತ್ತಾರೆ, ರಸ್ತೆ ವಿಮಾನಕ್ಕಿಂತ ಅಪಾಯ, ಅಲ್ಲಿ ಇನ್ನೂ ಜಾಸ್ತಿ ಮಕ್ಕಳು ಸಾಯುತ್ತಾರೆ ಅನ್ನುವುದು ಅವರ ಲೆಕ್ಕ. ಈ ಮಾತನ್ನು ಓದಿದಾಗಿನಿಂದ ನನ್ನ ಯೋಚನೆಯೇ ಬದಲಾಯಿತು. ನಮ್ಮ ಕಡೆಯವರ ಪ್ರಯಾಣದಲ್ಲಿ ನಿಜವಾದ ಅಪಾಯ ಇರುವುದು ಮನೆಯಿಂದ ದೇವನಹಳ್ಳಿಗೆ ಹೋಗುವ ಆ ಐದಾರು ಗಂಟೆಯಲ್ಲಿ, ಅಲ್ವಾ? ಯುರೋಪಿನ ವಿಮಾನಗಳು ಬಹುಪಾಲು ನಡುರಾತ್ರಿ ದಾಟಿ ಹೊರಡುತ್ತವೆ. ನಾವು ಸಂಜೆ ಊಟ ಮುಗಿಸಿ ಹೊರಡುತ್ತೇವೆ. ಕಡೂರು, ಅರಸೀಕೆರೆ, ತಿಪಟೂರಿನ ಮೇಲೆ ಹೋದರೂ ಅಷ್ಟೇ, ಬೇಲೂರು, ಹಾಸನದ ಮೇಲೆ ಬಂದರೂ ಅಷ್ಟೇ. ಕತ್ತಲು, ಎದುರಿನಿಂದ ಲಾರಿ ಬೆಳಕು. ಮುಂದಿನ ಸೀಟಿನಲ್ಲಿ ಅಜ್ಜಿ, ಅಜ್ಜಿಯ ತೊಡೆ ಮೇಲೆ ಕೂಸು. ಇದನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಕೂಸಿಗೆ ಬಹಳ ಕೆಟ್ಟ ಜಾಗ.

ಅದಕ್ಕೇ ಅರವತ್ತು ಸಾವಿರದ ಲೆಕ್ಕವನ್ನು ಬೇರೆ ಥರ ಹಾಕಿ ಅಂತೀನಿ. ಮೂರನೇ ಸೀಟು ತಗೊಂಡರೆ ಕಾರ್ ಸೀಟು ನಿಮ್ಮ ಜೊತೆಗೇ ಬರುತ್ತದೆ. ಚಿಕ್ಕಮಗಳೂರಿನ ಬಾಗಿಲಿನಿಂದ ಶಿಕಾಗೋದ ಬಾಗಿಲಿನವರೆಗೆ ಮಗು ಒಂದೇ ಸೀಟಿನಲ್ಲಿ, ಕಟ್ಟಿಕೊಂಡು ಹೋಗುತ್ತದೆ. ಅಲ್ಲಿ ಇಳಿದ ಮೇಲೂ ಅದು ಬೇಕೇ ಬೇಕು. ಇಲಿನಾಯ್ ರಾಜ್ಯದಲ್ಲಿ ಎರಡು ವರ್ಷದೊಳಗಿನ ಮಗುವನ್ನು ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲೇ ಕೂರಿಸಬೇಕು. ನಮ್ಮಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ. ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

ಯಾವ ಕಾರ್ ಸೀಟು ಅನ್ನುವುದರಲ್ಲಿ ತಪ್ಪು ಮಾಡಬೇಡಿ. ವಿಮಾನದ ಬೆಲ್ಟ್ ಸೊಂಟಕ್ಕೆ ಮಾತ್ರ, ಭುಜಕ್ಕೆ ಬರುವುದಿಲ್ಲ. ನಮ್ಮಲ್ಲಿ ಮಾರುವ ಬುಟ್ಟಿ ಥರದ ಎಷ್ಟೋ ಸೀಟುಗಳಿಗೆ ಭುಜದ ಬೆಲ್ಟೂ ಬೇಕು, ಹಾಗಾಗಿ ವಿಮಾನದಲ್ಲಿ ಕಟ್ಟಲು ಆಗುವುದಿಲ್ಲ. ಮೇಲಾಗಿ ಇಲ್ಲಿ ಕೊಂಡ ಸೀಟು ಅಮೆರಿಕದ ರಸ್ತೆಯ ನಿಯಮಕ್ಕೆ ಹೊಂದುವುದಿಲ್ಲ. ಅಲ್ಲಿಂದ ಊರಿಗೆ ಬರುವ ಗೆಳೆಯರು ಯಾರಾದರೂ ಇದ್ದರೆ ಅವರ ಕೈಲಿ ಒಂದನ್ನು ಕಳಿಸಲು ಯಜಮಾನರಿಗೆ ಹೇಳಿ. ಕಾರಿಗೂ ವಿಮಾನಕ್ಕೂ ಆಗುತ್ತದೆ ಅಂತ ಕೆಂಪು ಅಕ್ಷರದಲ್ಲಿ ಬರೆದ ಚೀಟಿ ಸೀಟಿನ ಮೇಲೆ ಅಂಟಿಸಿರಬೇಕು. ಅಗಲ 16 ಇಂಚಿನೊಳಗೆ ಇದ್ದರೆ ಬಹುತೇಕ ವಿಮಾನದ ಸೀಟಿನಲ್ಲಿ ಕೂರುತ್ತದೆ. ಆ ಚೀಟಿಯ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಕೌಂಟರಿನಲ್ಲಿ ಕೇಳುತ್ತಾರೆ.

ಇನ್ನು ಮೂವರೂ ಎಲ್ಲಿ ಕೂರಬೇಕು? ಕಾರ್ ಸೀಟನ್ನು ಸಾಮಾನ್ಯವಾಗಿ ಕಿಟಕಿ ಪಕ್ಕವೇ ಕಟ್ಟಿಸುತ್ತಾರೆ, ಯಾರಾದರೂ ಎದ್ದು ಓಡಬೇಕಾದರೆ ಅದು ಅಡ್ಡ ಬರಬಾರದು ಅಂತ. ಹಾಗಾಗಿ ಕಿಟಕಿಗೆ ಮಗು, ನಡುವೆ ನೀವು, ದಾರಿ ಪಕ್ಕಕ್ಕೆ ಅಮ್ಮ. ಅಮ್ಮನಿಗೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು, ಶೌಚಾಲಯಕ್ಕೆ ಹೋಗಲು ಯಾರನ್ನೂ ಎಬ್ಬಿಸಬೇಕಿಲ್ಲ. ಕಾಫಿ, ಊಟದ ಗಾಡಿ ಓಡಾಡುವ ಕಡೆ ಮಗುವಿನ ಕೈಕಾಲು ಚಾಚುವುದಿಲ್ಲ. ಹಾಲು ಕುಡಿಸುವಾಗ ನಿಮ್ಮ ಎರಡೂ ಪಕ್ಕ ಮನೆಯವರೇ. ಬೋಯಿಂಗ್ 787, ಏರ್‌ಬಸ್ ಎ350ಯಲ್ಲಿ ಸಾಮಾನ್ಯವಾಗಿ ಮೂರು ಮೂರು ಮೂರು ಸೀಟು. 777ರಲ್ಲಿ ಹೆಚ್ಚಾಗಿ ಮೂರು ನಾಲ್ಕು ಮೂರು. ಕಿಟಕಿ ಕಡೆಯ ಮೂರರ ಗುಂಪು ನಿಮಗೆ ಅಳತೆ ಮಾಡಿಸಿದ ಹಾಗೆ ಹೊಂದುತ್ತದೆ. ಎ330ಯಲ್ಲಿ ಎರಡು ನಾಲ್ಕು ಎರಡು ಇರುವುದರಿಂದ ಅದು ಸಿಗುವುದಿಲ್ಲ. ಟಿಕೆಟ್ ಮಾಡುವಾಗ ಯಾವ ವಿಮಾನ ಅಂತ ಕೇಳಿ ಅನ್ನುವುದು ಇದಕ್ಕೇ.

ಮೂರು ಸೀಟು ನಿಮ್ಮದೇ ಆದ ಮೇಲೆ ಗೋಡೆ ಎದುರಿನ ಸಾಲು ಬೇಡ. ಅಲ್ಲಿ ಊಟದ ತಟ್ಟೆ ಕೈಯಾನಿಸುವ ಹಿಡಿಯೊಳಗೆ ಇರುವುದರಿಂದ ಆ ಹಿಡಿ ಮೇಲೆ ಏಳುವುದಿಲ್ಲ, ಸೀಟಿನ ಒಳಜಾಗವೂ ಕಿರಿದು. ಎದುರಿಗೆ ಸೀಟೇ ಇಲ್ಲದ್ದರಿಂದ ಕೆಳಗೆ ಚೀಲ ಇಡಲು ಜಾಗವಿಲ್ಲ. ಏರುವಾಗ, ಇಳಿಯುವಾಗ ಡೈಪರ್, ಹಾಲಿನ ಬಾಟಲಿ ಎಲ್ಲ ತಲೆ ಮೇಲಿನ ಡಬ್ಬಿಗೆ ಹೋಗುತ್ತದೆ. ಮಗು ಅಳುವುದು ಸರಿಯಾಗಿ ಆಗಲೇ.

ಕಾರ್ ಸೀಟಿಗೂ ಒಂದು ಕೊರತೆ ಇದೆ. ಅದು ಹಿಂದಕ್ಕೆ ಮುಖ ಮಾಡಿ ಕೂತರೆ ಮುಂದಿನ ಸೀಟಿನವರಿಗೆ ಒರಗಲು ಆಗುವುದಿಲ್ಲ. ಕೂತ ಕೂಡಲೇ ಅವರಿಗೆ ಒಂದು ಮಾತು ಹೇಳಿಬಿಡಿ, ಕೂಸನ್ನು ತೋರಿಸಿ. ಹೆಚ್ಚಿನವರು ಒಪ್ಪುತ್ತಾರೆ. ಮತ್ತೆ ಮಗುವನ್ನು ಕಟ್ಟಿ ಕೂರಿಸಿದಾಗ ಎದೆಹಾಲು ಕೊಡಲು ಆಗುವುದಿಲ್ಲ. ಇಳಿಯಲು ಶುರುವಾಗುವುದು ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಹಾಗೇ. ಏನಾದರೂ ನುಂಗುತ್ತಿದ್ದರೆ ಮಗುವಿನ ಕಿವಿ ಬಿಡುತ್ತದೆ. ಬೆಲ್ಟ್ ಲೈಟ್ ಹತ್ತುವ ಮೊದಲೇ ಒಂದು ಸಲ ಎದೆಹಾಲು ಕೊಟ್ಟು ಸೀಟಿಗೆ ಹಾಕಿ. ಆಮೇಲೆ ಬಾಟಲಿಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪ ಹಾಲು, ನೀರು ಕೊಡುತ್ತಿರಿ. ಇಷ್ಟು ಎತ್ತರದಲ್ಲಿ ಉಸಿರಾಟ ಹೇಗೋ ಅಂತ ನಿಮ್ಮ ಅಮ್ಮ ಕೇಳಿದರೆ ಹೀಗೆ ಹೇಳಿ: ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯೇ 1930 ಮೀಟರ್, ಅಂದರೆ ಆರು ಸಾವಿರದ ಮುನ್ನೂರು ಅಡಿ. ಆರೋಗ್ಯವಾಗಿರುವ ಮಗುವಿಗೆ ತೊಂದರೆ ಇಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಎದೆಯ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಹೊರಡಬೇಕು.

ನಡುವಿನ ಸೀಟು ಖಾಲಿ ಬಿಡುವ ಉಪಾಯ ಬೇಡ ಅಂದೆನಲ್ಲ. ವಿಮಾನ ಖಾಲಿ ಇದ್ದಾಗ ಅದು ನಡೆಯುತ್ತದೆ. ರಜೆಯ ತಿಂಗಳಲ್ಲಿ, ಅಲ್ಲಿ ಕಾಲೇಜು ಶುರುವಾಗುವ ಆಗಸ್ಟಿನಲ್ಲಿ, ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನಗಳು ತುಂಬಿರುತ್ತವೆ. ನಡುವೆ ಯಾರೋ ಬಂದು ಕೂರುತ್ತಾರೆ. ಅವರು ಜಾಗ ಬದಲಾಯಿಸಿಕೊಂಡರೂ ಎಂಟು ಕೆಜಿ ಮಗು ನಿಮ್ಮಿಬ್ಬರ ತೊಡೆ ಮೇಲೇ. ಹತ್ತು ಗಂಟೆ ಹೊತ್ತರೆ ಅಮ್ಮನ ಮಂಡಿ ಏನಾಗಬೇಡ?

ದಾರಿಯ ವಿಷಯ. ದುಬೈ ಅಥವಾ ದೋಹಾ ಮೇಲೆ ಹೋದರೆ ಮೊದಲ ಹಾರಾಟ ನಾಲ್ಕು ಗಂಟೆ ಆಸುಪಾಸು, ಎರಡನೆಯದು ಹದಿನಾಲ್ಕಕ್ಕೂ ಜಾಸ್ತಿ. ಯುರೋಪಿನ ಮೇಲೆ ಹೋದರೆ ಒಂಬತ್ತು ಹತ್ತು ಗಂಟೆಯ ಎರಡು ತುಂಡು. ನಾನು ನಿಮಗೆ ಯುರೋಪಿನದನ್ನೇ ಹೇಳುತ್ತೇನೆ. ನಡುವೆ ಕಾಲು ಚಾಚಲು, ಮಗುವಿನ ಮೈ ಒರೆಸಿ ಬಟ್ಟೆ ಬದಲಾಯಿಸಲು ಸಿಗುತ್ತದೆ. ನಡುವಿನ ನಿಲ್ದಾಣದಲ್ಲಿ ಮೂರು ಗಂಟೆಯಾದರೂ ಇರಲಿ. ಅಮ್ಮನಿಗೆ ವೀಲ್‌ಚೇರ್ ಮೊದಲೇ ಬರೆಸಿ. ಅವರು ಬೇಡ ಅಂತಾರೆ, ಎಲ್ಲ ಅಮ್ಮಂದಿರೂ ಹಾಗೇ ಅನ್ನುತ್ತಾರೆ. ಬರೆಸಿ. ಆ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದು ಸಣ್ಣ ದೂರವಲ್ಲ. ವೀಲ್‌ಚೇರಿನ ಜೊತೆ ಬರುವವರು ದಾರಿ ತೋರಿಸುತ್ತಾ ನಿಮ್ಮನ್ನೂ ಕರೆದುಕೊಂಡು ಹೋಗುತ್ತಾರೆ.

ಟಿಕೆಟ್ ಮಾಡುವಾಗ ಎಡವುವ ಜಾಗ ಒಂದಿದೆ. ನಿಮ್ಮದು ಹೋಗುವ ಟಿಕೆಟ್ ಮಾತ್ರ, ಅಮ್ಮನದು ಹೋಗಿ ಬರುವುದು. ಹಾಗಾಗಿ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರು, ಬೇರೆ ಬೇರೆ ಆಗುತ್ತದೆ. ನೀವು ಒಟ್ಟಿಗೆ ಹೋಗುವವರು ಅಂತ ಕಂಪನಿಯ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಫೋನ್ ಮಾಡಿ ಎರಡನ್ನೂ ಜೋಡಿಸಲು ಹೇಳಿ, ಆ ದಿನವೇ ಸೀಟು ಆರಿಸಿ. ಮಗುವಿನ ಟಿಕೆಟ್ ನಿಮ್ಮ ಪಿಎನ್‌ಆರ್‌ನಲ್ಲೇ ಇರಲಿ. 12 ವರ್ಷದೊಳಗಿನ ಮಕ್ಕಳನ್ನು ಅದೇ ಪಿಎನ್‌ಆರ್‌ನಲ್ಲಿರುವ ತಂದೆ ತಾಯಿ ಅಥವಾ ಪೋಷಕರ ಪಕ್ಕ ಕೂರಿಸಬೇಕು ಅಂತ ನಮ್ಮ ವಿಮಾನಯಾನ ಇಲಾಖೆ, ಅಂದರೆ ಡಿಜಿಸಿಎ, 2024ರಲ್ಲಿ ಇಲ್ಲಿನ ಕಂಪನಿಗಳಿಗೆ ಹೇಳಿದೆ. ಇನ್ನು ವೆಬ್‌ಸೈಟಿನಲ್ಲಿ ಹುಟ್ಟಿದ ದಿನ ಹಾಕಿದ ಕೂಡಲೇ ಅದು ಮಗುವನ್ನು ತೊಡೆ ಮೇಲಿನ ಲೆಕ್ಕಕ್ಕೇ ಹಾಕಿಬಿಡುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಸೀಟು ಬೇಕು, ಕಾರ್ ಸೀಟು ತರುತ್ತೇವೆ ಅಂತ ಕಂಪನಿಗೇ ಫೋನಿನಲ್ಲಿ ಹೇಳಿ ಮಾಡಿಸಬೇಕು. ಎರಡೂ ಹಾರಾಟಕ್ಕೆ ಬೇರೆ ಬೇರೆ ಕಂಪನಿಯ ವಿಮಾನವಾದರೆ ಎರಡು ಕಡೆಯೂ ಕೇಳಿ. ಒಪ್ಪಿದ್ದನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಮೂರನೇ ಸೀಟು ಆಗಲೇ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಫೋನೇ. ತೊಟ್ಟಿಲಿನ ಉದ್ದದ ಮಿತಿ ಜಾಸ್ತಿ ಇರುವ ಕಂಪನಿ ನೋಡಿ ಆರಿಸಿ. ಟಿಕೆಟ್ ಆದ ದಿನವೇ ಕೇಳಿ, ಹೊರಡುವ ಮೂರು ದಿನ ಮುಂಚೆ ಮತ್ತೆ ಕೇಳಿ, ನಿಲ್ದಾಣಕ್ಕೆ ಬೇಗ ಹೋಗಿ. ನಿಮಗಿಂತ ಚಿಕ್ಕ ಮಗು ಬಂದರೆ ಅದಕ್ಕೇ ಕೊಡಬಹುದು. ಸಿಗದೇ ಹೋದರೆ ಆಮೇಲೆ ಇಷ್ಟಬಂದ ಕಡೆ ಬದಲಾಯಿಸಿ ಕೂರಲು ಆಗದಿರಬಹುದು. ಒಂದೊಂದು ಗುಂಪು ಸೀಟಿಗೆ ಆಮ್ಲಜನಕದ ಮುಖವಾಡ ಒಂದೇ ಜಾಸ್ತಿ ಇರುತ್ತದೆ, ಆದ್ದರಿಂದ ತೊಡೆ ಮೇಲಿನ ಎರಡು ಮಕ್ಕಳನ್ನು ಒಂದೇ ಗುಂಪಿನಲ್ಲಿ ಕೂರಿಸುವುದಿಲ್ಲ. ಇದು ಗೊತ್ತಿಲ್ಲದೆ ಜನ ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಮುಂದೆ ಊರಿಗೆ ಬರುವ ಟಿಕೆಟ್ ಮಾಡುವಾಗ ಮಗಳ ಎರಡನೇ ಹುಟ್ಟುಹಬ್ಬದ ದಿನ ನೆನಪಿರಲಿ. ಬರುವಾಗ 23 ತಿಂಗಳಿದ್ದು ವಾಪಸು ಹೋಗುವಾಗ ಎರಡು ತುಂಬಿದ್ದರೆ, ವಾಪಸು ಹೋಗುವುದಕ್ಕೆ ಸೀಟು ಕಡ್ಡಾಯ.

ಕೊನೆಗೆ ಟ್ಯಾಕ್ಸಿ. ಬಾಡಿಗೆ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಕೊಂಡಿ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತದೆ. ಗೊತ್ತಿರುವ ಡ್ರೈವರಿಗೆ ಎರಡು ದಿನ ಮುಂಚೆಯೇ ಹೇಳಿ ಅದನ್ನು ತೆಗೆಸಿ. ಕಾರ್ ಸೀಟು ಮನೆಗೆ ಬಂದ ವಾರವೇ ಅದೇ ಕಾರಿನ ಹಿಂದಿನ ಸೀಟಿಗೆ ನೀವೇ ಕಟ್ಟಿ ನೋಡಿ. ಬಿಚ್ಚಿ, ಮತ್ತೆ ಕಟ್ಟಿ. ಮಗಳನ್ನು ಅದರಲ್ಲಿ ಕೂರಿಸಿಕೊಂಡು ಬೇಲೂರಿನವರೆಗೆ ಹೋಗಿ ಬನ್ನಿ. ಮೊದಲ ಸಲ ಅಳುತ್ತಾಳೆ. ಇನ್ನೊಂದು ಭಾನುವಾರ ಮತ್ತೆ ಹೋಗಿ, ಅಮ್ಮನೂ ಪಕ್ಕದಲ್ಲಿ ಕೂತಿರಲಿ. ಮೂರನೇ ಸಲಕ್ಕೆ ಅದರಲ್ಲೇ ನಿದ್ದೆ ಮಾಡಬಹುದು.